ಸೋರಿಕೆ ಎಲ್ಲಿದೆ? – ಕಾರಣ ತಿಳಿಯದ ರಕ್ತಹೀನತೆಯ ಶೋಧ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ರಾತ್ರಿ ತುಂಬಿದ್ದ ಓವರ್‌ಹೆಡ್ ಟ್ಯಾಂಕ್, ಎಲ್ಲ ವಾಲ್ವ್‌ಗಳೂ ಮುಚ್ಚಿರುವಾಗಲೇ, ಬೆಳಗಿನ ವೇಳೆಗೆ ಅರ್ಧಕ್ಕೆ ಇಳಿದಿದ್ದರೆ ಯಾವ ನೀರುಗಂಟಿಯೂ ಮೋಟಾರನ್ನು ಇನ್ನೆರಡು ಗಂಟೆ ಹೆಚ್ಚಾಗಿ ಓಡಿಸಿ ಸುಮ್ಮನಾಗುವುದಿಲ್ಲ. ಪೈಪಿನ ಜಾಡು ಹಿಡಿದು ನಡೆಯುತ್ತಾನೆ. ನೆಲ ಎಲ್ಲಿ ತೇವವಾಗಿದೆ ಎಂದು ನೋಡುತ್ತಾನೆ. ಆದರೆ ಮನುಷ್ಯನ ದೇಹದಲ್ಲಿ ರಕ್ತ ಕಡಿಮೆಯಾದಾಗ ಈ ವಿವೇಕ ಮರೆತುಹೋಗುತ್ತದೆ. ಟಾನಿಕ್ ಕುಡಿಸಲಾಗುತ್ತದೆ, ಮಾತ್ರೆ ನುಂಗಿಸಲಾಗುತ್ತದೆ, ಸೊಪ್ಪು ತಿನ್ನಲು ಹೇಳಲಾಗುತ್ತದೆ. ಇದ್ದ ಕಬ್ಬಿಣಾಂಶ ಎಲ್ಲಿಗೆ ಹೋಯಿತು ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಕೇಳುವುದು ಏಕೆ ಅಗತ್ಯ ಎಂಬುದಕ್ಕೆ ಒಂದು ಕುಟುಂಬದ ಪ್ರಸಂಗವನ್ನು ಸದಸ್ಯರ ಮುಂದಿಡಲಾಗುತ್ತಿದೆ. ಊರು ಮತ್ತು ಹೆಸರು ಇಲ್ಲಿ ಅನಗತ್ಯ.

ಗ್ರಾಮ ಪಂಚಾಯಿತಿಯೊಂದರ 54 ವರ್ಷದ ನೀರುಗಂಟಿ ಟ್ಯಾಂಕಿನ ಏಣಿ ಹತ್ತುವಾಗ ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳತೊಡಗಿದರು. ನೀರು ಬಿಡುವುದು ತಡವಾಗುತ್ತ ಬಂತು. ಸಾಮಾನ್ಯ ಸಭೆಯಲ್ಲಿ ದೂರು ಬಂದಿತು. ಕರ್ತವ್ಯಲೋಪಕ್ಕೆ ಕಾರಣ ಕೇಳಿ ನೋಟಿಸು ಜಾರಿಯಾಯಿತು. ಕುಡಿತದ ಚಟವಿರಬಹುದೆಂದು ಕೆಲವರು ಶಂಕಿಸಿದರು. ಅವರಿಗೆ ಆ ಅಭ್ಯಾಸವೇ ಇರಲಿಲ್ಲ.

ಅವರ ಪತ್ನಿ ಸ್ವಸಹಾಯ ಸಂಘದ ಲೆಕ್ಕ ಬರೆಯುವವರು. ಪತಿಯ ಉಗುರು, ರೆಪ್ಪೆಯ ಒಳಭಾಗ ಬಿಳಿಚಿಕೊಂಡಿರುವುದನ್ನೂ, ಎಂದೂ ಇಲ್ಲದ ಹಾಗೆ ಡಬ್ಬಿಗೆ ಕೈಹಾಕಿ ಹಸಿ ಅಕ್ಕಿ ತಿನ್ನುತ್ತಿರುವುದನ್ನೂ ಅವರು ಗಮನಿಸಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 8.1 ಗ್ರಾಂ ಇತ್ತು. ವಯಸ್ಕ ಪುರುಷರಲ್ಲಿ ಅದು 13ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನಲಾಗುತ್ತದೆ. ಕಬ್ಬಿಣದ ಮಾತ್ರೆ ಕೊಡಲಾಯಿತು. ಮೂರು ತಿಂಗಳಲ್ಲಿ ಪ್ರಮಾಣ 10.9ಕ್ಕೆ ಏರಿತು, ಗುಣವಾಯಿತೆಂದು ಮಾತ್ರೆ ನಿಲ್ಲಿಸಿದರು. ನಾಲ್ಕು ತಿಂಗಳ ನಂತರ ಮತ್ತೆ 8.4. ಸಂಘದ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಪತ್ನಿ ಈ ಅಂಕಿಗಳನ್ನೆಲ್ಲ ದಿನಾಂಕ ಸಹಿತ ಬರೆದಿಟ್ಟಿದ್ದರು.

ಬಂಧುಗಳು ಮೂರು ಕಾರಣ ಹೇಳಿದರು. ಮೊದಲನೆಯದು ಊಟದ ಕೊರತೆ. ಆದರೆ ಅದೇ ಪಾತ್ರೆಯ ಊಟವನ್ನು ಪತಿಗಿಂತ ಕಡಿಮೆ ಉಣ್ಣುವ ಪತ್ನಿಯ ಹಿಮೋಗ್ಲೋಬಿನ್ 12.3 ಇತ್ತು. ಎರಡನೆಯದು ಹಳೆಯ ಮೂಲವ್ಯಾಧಿ. ಅದರಿಂದ ರಕ್ತ ಕಂಡು ವರ್ಷಗಳೇ ಕಳೆದಿದ್ದವು. ಮೂರನೆಯದು ಬರಿಗಾಲಿನಲ್ಲಿ ಗದ್ದೆಗಿಳಿಯುವವರನ್ನು ಕಾಡುವ ಕೊಕ್ಕೆಹುಳು. ಅದು ಸಾಧ್ಯವಿದ್ದ ಕಾರಣ ವೈದ್ಯರು ಅಲ್ಬೆಂಡಜೋಲ್ ಕೊಟ್ಟು ಮಲಪರೀಕ್ಷೆಯನ್ನೂ ಮಾಡಿಸಿದರು. ಹುಳುವಿನ ಮೊಟ್ಟೆ ಕಾಣಲಿಲ್ಲ, ರಕ್ತವೂ ಏರಲಿಲ್ಲ.

ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆಯ ಫಲ 6 ಬಂದಿತು; ಉಗ್ರಾಣ ಬರಿದಾಗಿತ್ತು. ಈ ವಯಸ್ಸಿನ ಪುರುಷನಲ್ಲಿ ಹೀಗಾದರೆ, ಬೇರೆ ಕಾರಣ ಸಿಗುವವರೆಗೆ ಜಠರದಿಂದ ಗುದದ್ವಾರದವರೆಗೆ ಎಲ್ಲೋ ರಕ್ತ ಸೋರುತ್ತಿದೆ ಎಂದೇ ತಿಳಿಯಬೇಕೆಂದು ವೈದ್ಯರು ವಿವರಿಸಿದರು. ಬೇರೆ ಔಷಧಿ ಏನಾದರೂ ಸೇವಿಸುತ್ತೀರಾ ಎಂದು ಕೇಳಿದಾಗ ನೀರುಗಂಟಿ ಇಲ್ಲವೆಂದರು. ಎಂಡೋಸ್ಕೋಪಿಗೂ ಒಪ್ಪಲಿಲ್ಲ. ಕೂಲಿ ತಪ್ಪುವ ಚಿಂತೆಗಿಂತ, ಒಳಗೆ ಕ್ಯಾನ್ಸರ್ ಕಂಡುಬಂದೀತೆಂಬ ಭಯ ಅವರಿಗೆ ದೊಡ್ಡದಾಗಿತ್ತು.

ಆ ವಾರ ಪತಿಯ ಅಂಗಿ ಒಗೆಯುವಾಗ ಪತ್ನಿಗೆ ಜೇಬಿನಲ್ಲಿ ಅರ್ಧ ಖಾಲಿಯಾದ ನೋವಿನ ಮಾತ್ರೆಯ ಪಟ್ಟಿ ಸಿಕ್ಕಿತು. ಪಂಪ್‌ಹೌಸಿನ ಗೂಡಿನಲ್ಲಿ ಅಂತಹ ಖಾಲಿ ಪಟ್ಟಿಗಳು ಇನ್ನೂ ಇದ್ದವು. ವಾಲ್ವ್ ತಿರುಗಿಸಿ ತಿರುಗಿಸಿ ಹಿಡಿದ ಸೊಂಟನೋವಿಗೆ, ಎರಡು ವರ್ಷಗಳಿಂದ, ಬಹುತೇಕ ದಿನ ಖಾಲಿ ಹೊಟ್ಟೆಯಲ್ಲೇ ಅಂಗಡಿಯ ಮಾತ್ರೆ ನುಂಗುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಔಷಧಿಯಲ್ಲ, ನೋವಿನ ಗುಳಿಗೆ. ಪತ್ನಿ ಇನ್ನೊಂದು ಪ್ರಶ್ನೆ ಕೇಳಿದರು: ಮಲ ಕಪ್ಪಾಗಿರುವುದು ಎಂದಿನಿಂದ? ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆಂದು ಆರೋಗ್ಯ ಕೇಂದ್ರದಲ್ಲಿ ಹೇಳಿದ್ದರು, ಅದು ನಿಜ. ಆದರೆ ಮಾತ್ರೆ ಆರಂಭಿಸುವ ಮೊದಲೇ ಒಂದೆರಡು ಬಾರಿ ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿದ್ದುದು ಪತಿಗೆ ನೆನಪಾಯಿತು. ಜಠರದಲ್ಲಿ ಸೋರಿದ ರಕ್ತ ಹೊರಬರುವುದು ಆ ರೂಪದಲ್ಲೇ.

"ಟ್ಯಾಂಕ್ ಇಳಿದರೆ ಊರೆಲ್ಲ ಪೈಪು ಅಗೆಸುತ್ತೀರಿ. ಇದನ್ನೇಕೆ ನೋಡಿಸುವುದಿಲ್ಲ?" ಎಂದು ಪತ್ನಿ ಕೇಳಿದ ಮೇಲೆ ಅವರು ಪರೀಕ್ಷೆಗೆ ಒಪ್ಪಿದರು.

ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡಿತು. ಅದರ ತುಣುಕಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಇರಲಿಲ್ಲ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು ಇತ್ತು. ಈ ವಯಸ್ಸಿನಲ್ಲಿ ಒಂದು ಸೋರಿಕೆ ಸಿಕ್ಕಿತೆಂದು ಇನ್ನೊಂದನ್ನು ಬಿಡಬಾರದೆಂದು ವೈದ್ಯರು ದೊಡ್ಡ ಕರುಳನ್ನೂ ಪರೀಕ್ಷಿಸಿದರು, ಅಲ್ಲಿ ದೋಷವಿರಲಿಲ್ಲ. ನೋವಿನ ಮಾತ್ರೆ ನಿಂತಿತು. ಸೋಂಕಿಗೆ 14 ದಿನಗಳ ಔಷಧಿ, ಹುಣ್ಣು ಮಾಯಲು ಆಮ್ಲ ತಗ್ಗಿಸುವ ಮಾತ್ರೆ ನೀಡಲಾಯಿತು. ಹಿಮೋಗ್ಲೋಬಿನ್ ಸಹಜ ಮಟ್ಟಕ್ಕೆ ಬಂದ ಮೇಲೂ, ಉಗ್ರಾಣ ತುಂಬಲೆಂದು, ಕಬ್ಬಿಣದ ಮಾತ್ರೆ ಮೂರು ತಿಂಗಳು ಮುಂದುವರಿಯಿತು. ಲೆಕ್ಕದ ಪುಸ್ತಕದ ಕೊನೆಯ ಅಂಕಿ 13.6, ಅದನ್ನು ಬರೆದಾಗ ಮಾತ್ರೆ ನಿಲ್ಲಿಸಿ ಆರು ತಿಂಗಳಾಗಿತ್ತು.

ಸಣ್ಣ ಸೋರಿಕೆ ಇಷ್ಟು ದೊಡ್ಡ ಕೊರತೆಯನ್ನು ತರುವ ಬಗೆಯನ್ನು ಲೆಕ್ಕದಿಂದ ತಿಳಿಯಬಹುದು. ವಯಸ್ಕರ ದೇಹದಲ್ಲಿರುವ ಒಟ್ಟು ಕಬ್ಬಿಣ ಸುಮಾರು 3ರಿಂದ 4 ಗ್ರಾಂ. ಆಹಾರದಿಂದ ದೇಹ ದಿನಕ್ಕೆ ಹೀರಿಕೊಳ್ಳುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ದಿನಕ್ಕೆ ಎರಡು ಟೀ ಚಮಚದಷ್ಟು, ಅಂದರೆ 10 ಮಿಲಿಲೀಟರ್ ರಕ್ತ ಸೋರಿದರೆ 5 ಮಿಲಿಗ್ರಾಂ ಕಬ್ಬಿಣ ಹೋದಂತೆ. ಯಾವ ಸೊಪ್ಪೂ ಈ ನಷ್ಟವನ್ನು ತುಂಬಲಾರದು. ಇಷ್ಟು ಅಲ್ಪ ಪ್ರಮಾಣದ ರಕ್ತ ಮಲದಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ. ಸೋರಿಕೆ ಇರುವಾಗಲೂ ಮಾತ್ರೆಯಿಂದ ಹಿಮೋಗ್ಲೋಬಿನ್ ಏರಬಹುದು. ಆ ಏರಿಕೆಯೇ ಕಾರಣವನ್ನು ಮರೆಮಾಡುತ್ತದೆ. ದೊಡ್ಡ ಕರುಳಿನ ಬಲಭಾಗದ ಕ್ಯಾನ್ಸರ್ ಎಷ್ಟೋ ಬಾರಿ ಬೇರಾವ ಲಕ್ಷಣವನ್ನೂ ತೋರದೆ ರಕ್ತಹೀನತೆಯಾಗಿಯೇ ಮೊದಲು ಪ್ರಕಟವಾಗುತ್ತದೆ. ಅಂಥವರಿಗೆ ಟಾನಿಕ್ಕಿನಲ್ಲಿ ಕಳೆದ ತಿಂಗಳುಗಳು ಮರಳಿ ಬಾರವು.

2019–20ರಲ್ಲಿ ರಾಜ್ಯದಲ್ಲಿ ನಡೆದ 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮತ್ತು ಪುರುಷರಲ್ಲಿ ಶೇ. 19.6ರಷ್ಟು ಮಂದಿಗೆ ರಕ್ತಹೀನತೆ ಇತ್ತು. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಆರು ಫಲಾನುಭವಿ ಗುಂಪುಗಳು ಮಕ್ಕಳು, ಹದಿಹರೆಯದವರು, ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರು, ಗರ್ಭಿಣಿಯರು ಮತ್ತು ಬಾಣಂತಿಯರನ್ನು ಒಳಗೊಂಡಿವೆ. ಅತಿ ಹೆಚ್ಚು ಅಪಾಯದಲ್ಲಿರುವವರಿಗೆ ಆದ್ಯತೆ ಸಿಕ್ಕಿರುವುದು ಯುಕ್ತವೇ. ಆದರೆ ವಯಸ್ಕ ಪುರುಷರೂ, ಮುಟ್ಟು ನಿಂತ ಮಹಿಳೆಯರೂ ಆ ಪಟ್ಟಿಯಲ್ಲಿಲ್ಲ. ಅವರ ರಕ್ತಹೀನತೆಯನ್ನು ಮೊದಲು ಗುರುತಿಸುವವರು ಮನೆಯವರೇ.

ಮಹಿಳೆಯರ ವಿಷಯದಲ್ಲಿ ಆಗುವ ತಪ್ಪು ಬೇರೆ ಬಗೆಯದು. ಹೆಣ್ಣಿಗೆ ರಕ್ತ ಕಡಿಮೆ ಇರುವುದು ಸಹಜವೆಂದು ಭಾವಿಸಿ ಶೋಧವೇ ನಡೆಯುವುದಿಲ್ಲ. ಒಂದು ವಾರ ಮೀರಿದ ಮುಟ್ಟು, ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದ ಸ್ರಾವ ಸಹಜವಲ್ಲ. ಗರ್ಭಕೋಶದ ಗಡ್ಡೆ ಅದಕ್ಕೆ ಕಾರಣವಿರಬಹುದು. ಮುಟ್ಟು ನಿಂತ ಬಳಿಕ ಕಬ್ಬಿಣದ ಕೊರತೆ ಕಂಡರೆ ಪುರುಷರಂತೆಯೇ ಜಠರ ಮತ್ತು ಕರುಳಿನ ತಪಾಸಣೆ ಅಗತ್ಯ. ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಲ್ಲ. ಥಲಸ್ಸೀಮಿಯಾ, ಕುಡಗೋಲು ಕಣ ರೋಗಗಳಲ್ಲಿ ಪರೀಕ್ಷೆಯಿಲ್ಲದೆ ಕಬ್ಬಿಣ ನುಂಗಿಸುವುದು ಸರಿಯಲ್ಲ.

ಸದಸ್ಯರು ತಮ್ಮ ವಾರ್ಡುಗಳಲ್ಲಿ ಕೈಗೊಳ್ಳಬಹುದಾದ ಕ್ರಮಗಳು:

1. ಮಾತ್ರೆ ಸೇವಿಸಿದರೂ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಏರದವರನ್ನು, ಏರಿ ಮತ್ತೆ ಇಳಿದವರನ್ನು ಆಶಾ ಕಾರ್ಯಕರ್ತೆಯರ ಮೂಲಕ ಗುರುತಿಸಿ, ವೈದ್ಯಾಧಿಕಾರಿಗಳ ಬಳಿಗೆ ಕಳುಹಿಸುವುದು.

2. ದಂಪತಿಗಳು ಜೊತೆಯಾಗಿ ವೈದ್ಯರಲ್ಲಿಗೆ ಹೋಗುವಂತೆ ತಿಳಿಹೇಳುವುದು. ರೋಗಿ ಮರೆತದ್ದು ಸಂಗಾತಿಗೆ ನೆನಪಿರುತ್ತದೆ. ನೋವಿನ ಮಾತ್ರೆ, ನಾಟಿ ಔಷಧಿ ಸೇರಿದಂತೆ ನುಂಗುವುದೆಲ್ಲವನ್ನೂ ಚೀಲದಲ್ಲಿ ಕೊಂಡೊಯ್ಯುವುದು ಒಳ್ಳೆಯದು.

3. ಊಟದೊಡನೆ ಚಹಾ, ಕಾಫಿ ಕುಡಿದರೆ ಕಬ್ಬಿಣ ಹೀರಿಕೆ ತಗ್ಗುತ್ತದೆ. ನಿಂಬೆ, ನೆಲ್ಲಿ, ಸೀಬೆ ಅದನ್ನು ಹೆಚ್ಚಿಸುತ್ತವೆ ಎಂಬುದನ್ನು ಗ್ರಾಮಸಭೆಯಲ್ಲಿ ತಿಳಿಸುವುದು.

4. ಶೌಚಾಲಯ ಬಳಕೆ ಹಾಗೂ ಪಾದರಕ್ಷೆಯ ಮಹತ್ವವನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಗಳಲ್ಲಿ ಚರ್ಚಿಸುವುದು. ಕೊಕ್ಕೆಹುಳುವಿನ ಮರಿ ಹೆಚ್ಚಾಗಿ ಪಾದದ ಚರ್ಮದ ಮೂಲಕ ದೇಹ ಸೇರುತ್ತದೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಮಾತ್ರೆ 1ರಿಂದ 19 ವರ್ಷದವರಿಗೆ ಮಾತ್ರ ದೊರೆಯುತ್ತದೆ. ದೊಡ್ಡವರು ವೈದ್ಯರನ್ನು ಕೇಳಿ ಪಡೆಯಬೇಕು.

5. ಪಂಚಾಯಿತಿ ಸಿಬ್ಬಂದಿಯ ಕೆಲಸ ಇದ್ದಕ್ಕಿದ್ದಂತೆ ಕುಂಠಿತವಾದರೆ, ನೋಟಿಸು ನೀಡುವ ಮುನ್ನ ಆರೋಗ್ಯ ತಪಾಸಣೆಗೆ ಅವಕಾಶ ಕೊಡುವುದು.

ಕೊನೆಯ ಅಂಶಕ್ಕೆ ಸಕಾರಣವಿದೆ. ಆ ನೀರುಗಂಟಿಗೆ ನೀಡಿದ್ದ ನೋಟಿಸನ್ನು ಅದೇ ಗ್ರಾಮ ಪಂಚಾಯಿತಿ ಮುಂದೆ ನಿರ್ಣಯ ಮಾಡಿ ಹಿಂಪಡೆಯಿತು. ದೂರು ನೀಡಿದ್ದ ಸದಸ್ಯರೇ ಆ ನಿರ್ಣಯವನ್ನು ಮಂಡಿಸಿದರು. ನೀರು ಈಗ ವೇಳೆಗೆ ಬರುತ್ತಿದೆ. ಪಂಪ್‌ಹೌಸಿನ ಗೂಡಿನಲ್ಲಿ ಮಾತ್ರೆಯ ಪಟ್ಟಿಗಳಿಲ್ಲ.