ಗುಂಡನ ಕಿವಿಯ ಹಿಂದಿನ ಕಲೆ

'ಆರೋಗ್ಯದ ಬಗ್ಗೆ ಹತ್ತು ನಿಮಿಷ ಮಾತಾಡು' ಎಂದು ನಮ್ಮ ಮಹಿಳಾ ವಿಭಾಗದವರು ಕೇಳಿದಾಗ, 'ನಾಯಿಯ ಆರೋಗ್ಯವಾದರೆ ಮಾತಾಡ್ತೀನಿ' ಎಂದೆ. ನಕ್ಕರು, ಬೇಡ ಅನ್ನಲಿಲ್ಲ. ನಾನು ಪಶುವೈದ್ಯೆ ಅಲ್ಲ, ಎಂ.ಟೆಕ್. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ನಾನೇ ಮಾಡಿದ ಒಂದು ತಪ್ಪಿನಿಂದ ಕಲಿತದ್ದನ್ನು ಹೇಳುತ್ತೇನೆ.

ಗುಂಡ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಸಿಕ್ಕ ಬೀದಿ ಮರಿ. ಕಳೆದ ವರ್ಷ ಪುಣೆಯ ಮಳೆಗಾಲದಲ್ಲಿ ಅವನ ಕಿವಿಯ ಹಿಂದೆ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಉದುರಿ, ಅಂಚು ಕೆಂಪಗಾಗಿ, ಹೊಟ್ಟು ಏಳತೊಡಗಿತು. ಧಾರವಾಡದಿಂದ ಬಂದಿದ್ದ ಅತ್ತೆ, "ಕೊಬ್ಬರಿ ಎಣ್ಣ್ಯಾಗ ಅರಿಷಿಣ ಕಲಸಿ ಹಚ್ಚವಾ" ಎಂದರು. ನನಗೆ ಅಷ್ಟು ತಾಳ್ಮೆ ಎಲ್ಲಿ? ಯಜಮಾನರ ತುರಿಕೆಗೆಂದು ಚೀಟಿಯಿಲ್ಲದೆ ಮೆಡಿಕಲ್‌ನಿಂದ ತಂದ ಮುಲಾಮು ಮನೆಯಲ್ಲಿತ್ತು, ಹಚ್ಚಿದೆ. ಎರಡೇ ದಿನಕ್ಕೆ ಕೆಂಪು ಇಳಿಯಿತು. ಅತ್ತೆಯ ಎದುರು ಸ್ವಲ್ಪ ಬೀಗಿದೆ ಕೂಡ.

ಹತ್ತು ದಿನದಲ್ಲಿ ಒಂದು ಕಲೆ ಮೂರಾಯಿತು. ಒಂದು ಬೆಳಿಗ್ಗೆ ಶಾಲೆಗೆ ಜಡೆ ಹಾಕುವಾಗ ನೋಡುತ್ತೇನೆ, ಮಗಳ ಕುತ್ತಿಗೆಯ ಮೇಲೆ ಅಂಥದೇ ಕೆಂಪು ಉಂಗುರ. ಯಜಮಾನರು ಒಂದೇ ಮಾತು ಹೇಳಿದರು: "ನಾಯಿಯನ್ನು ಎಲ್ಲಾದರೂ ಕೊಟ್ಟುಬಿಡೋಣ." ಮಗಳು ಅವತ್ತು ಊಟ ಮಾಡಲಿಲ್ಲ. ಕೊನೆಗೆ ಬಾಯಿ ಬಿಟ್ಟವರು ಅತ್ತೆ. "ಆ ಮುಲಾಮ ಏನು ನಾಯಿ ತಾನ ಹಚ್ಕೊಂಡಿತ್ತೇನು?"

ಪಶುವೈದ್ಯರು ಕೋಣೆಯ ದೀಪ ಆರಿಸಿ ನೇರಳೆ ಬೆಳಕಿನ ವುಡ್ಸ್ ಲ್ಯಾಂಪ್ ಹಿಡಿದರು. ಕೆಲವು ಕೂದಲು ಹಸಿರಾಗಿ ಹೊಳೆದವು. (ಎಲ್ಲ ಜಾತಿಯ ಶಿಲೀಂಧ್ರವೂ ಹೀಗೆ ಹೊಳೆಯುವುದಿಲ್ಲ, ಹೊಳೆಯಲಿಲ್ಲ ಅಂದರೆ ರೋಗವಿಲ್ಲ ಅಂತಲ್ಲ.) ಕೂದಲು ಕಿತ್ತು ಕಲ್ಚರ್‌ಗೆ ಕಳಿಸಿದರು. ಗಜಕರ್ಣ. ನನ್ನ ಮುಲಾಮಿನಲ್ಲಿ ಸ್ಟೆರಾಯ್ಡ್ ಇತ್ತು. ಅದು ಉರಿಯನ್ನು ಅಡಗಿಸುತ್ತದೆ, ಜೊತೆಗೆ ಚರ್ಮದ ಸ್ವಂತ ಹೋರಾಟವನ್ನೂ. ಶಿಲೀಂಧ್ರಕ್ಕೆ ದಾರಿ ಸಲೀಸಾಯಿತು. ಲಾಗ್ ನೋಡದೆ ಕೋಡ್ ಮುಟ್ಟಬೇಡಿ ಎಂದು ಆಫೀಸಿನಲ್ಲಿ ಹುಡುಗರಿಗೆ ದಿನಾ ಬೈಯುವವಳು ನಾನೇ!

ಮಗಳನ್ನು ಚರ್ಮವೈದ್ಯರಿಗೆ ತೋರಿಸಿದೆವು, ಬೇಗ ವಾಸಿಯಾಯಿತು. ಗುಂಡನಿಗೆ ಮಾತ್ರೆ, ವಾರಕ್ಕೆರಡು ಸಲ ಔಷಧಿಯ ಶಾಂಪೂ, ನೊರೆ ಹತ್ತು ನಿಮಿಷ ಮೈಮೇಲೇ ಇರಬೇಕು. ಹತ್ತು ನಿಮಿಷ ಒದ್ದೆ ನಾಯಿಯನ್ನು ಬಾತ್‌ರೂಮಿನಲ್ಲಿ ಹಿಡಿದು ಕೂತವರಿಗೇ ಗೊತ್ತು ಅದರ ಕಷ್ಟ. ಕೂದಲು ಬಂದ ಮೇಲೂ ಕಲ್ಚರ್ ಶುದ್ಧ ಅಂತ ಬರುವವರೆಗೆ ನಿಲ್ಲಿಸುವಂತಿರಲಿಲ್ಲ. ಉದುರಿದ ಕೂದಲಿನಲ್ಲಿ ಬೀಜಕಣಗಳು ತಿಂಗಳುಗಟ್ಟಲೆ ಜೀವಂತ ಇರುವುದರಿಂದ ಮನೆಯ ಸೋಫಾ, ಹಾಸಿಗೆ, ಪರದೆ ಎಲ್ಲವನ್ನೂ ತೊಳೆದಿದ್ದಾಯಿತು.

ದುಂಡಗಿರುವುದೆಲ್ಲ ಗಜಕರ್ಣವಲ್ಲ. ಮರಿಗಳ ಕಣ್ಣು, ಬಾಯಿಯ ಸುತ್ತ ಕೂದಲು ಉದುರಿ, ತುರಿಕೆ ಅಷ್ಟಾಗಿ ಇಲ್ಲದಿದ್ದರೆ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ನುಸಿ ಇರಬಹುದು. ಅದು ನಮಗೆ ಅಂಟುವುದಿಲ್ಲ. ಕಿವಿಯಂಚು, ಮೊಣಕೈ ಕೆರೆದು ಕೆರೆದು ನಿದ್ದೆಗೆಟ್ಟರೆ ಅದು ಬೇರೆ ನುಸಿಯ ಕಜ್ಜಿ. ಅದು ನಮಗೂ ಹತ್ತುತ್ತದೆ. ಬರಿಗಣ್ಣಿಗೆ ಇವು ಒಂದರಂತೆ ಇನ್ನೊಂದು ಕಾಣುತ್ತವೆ. ಅದಕ್ಕೇ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಹಾಗಾಗಿ ಡಾಕ್ಟರ ಹತ್ತಿರ ಹೋಗುವ ಮುಂಚೆ ಸ್ನಾನ ಮಾಡಿಸಬೇಡಿ, ಎಣ್ಣೆ ಹಚ್ಚಬೇಡಿ. ಪಕ್ಕದಲ್ಲಿ ನಾಣ್ಯ ಇಟ್ಟು ಒಂದು ಫೋಟೊ ತೆಗೆದಿಡಿ. ಬಾಲದ ಬುಡದಲ್ಲಿ ಕರಿ ಪುಡಿ ಕಂಡರೆ ಒದ್ದೆ ಬಿಳಿ ಟಿಶ್ಯೂ ಮೇಲೆ ಉದುರಿಸಿ. ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಸೀಮೆಎಣ್ಣೆ, ಫಿನಾಯಿಲ್ ಮಾತ್ರ ಯಾರು ಹೇಳಿದರೂ ಹಚ್ಚಬೇಡಿ. ನೆಕ್ಕಿದರೆ ವಿಷ.

ಒಂದಕ್ಕೆ ಮಾತ್ರ ಕಾಯಲೇಬೇಡಿ. ಹೊಟ್ಟೆಯ ಮೇಲೋ ವಸಡಿನಲ್ಲೋ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು ಕಂಡರೆ, ಹೊಟ್ಟೆಯ ಮೇಲಿನವನ್ನು ಗಾಜಿನ ಲೋಟದಿಂದ ಒತ್ತಿ ನೋಡಿ. ಬಣ್ಣ ಮಾಯವಾಗದಿದ್ದರೆ ಅದು ಚರ್ಮದ ರೋಗವಲ್ಲ, ಒಳಗೆ ರಕ್ತ ಜಿನುಗುತ್ತಿದೆ. ಉಣ್ಣಿಯಿಂದ ಬರುವ ಜ್ವರದಲ್ಲಿ ಪ್ಲೇಟ್‌ಲೆಟ್ ಹೀಗೆ ಕುಸಿಯುತ್ತದೆ. ಅವತ್ತೇ ಆಸ್ಪತ್ರೆಗೆ ಒಯ್ಯಿರಿ.

ಗುಂಡನ ಕಿವಿಯ ಹಿಂದೆ ಈಗ ಕೂದಲು ಬಂದಿದೆ. ಅತ್ತೆ ಫೋನ್ ಮಾಡಿದರೆ ಮೊದಲು ಅವನನ್ನೇ ವಿಚಾರಿಸುತ್ತಾರೆ. ನಿಮ್ಮ ನಾಯಿಯ ಫೋಟೊ ಇದ್ದರೆ ಊಟದ ಹೊತ್ತಿಗೆ ತೋರಿಸಿ, ಖಂಡಿತ ನೋಡುತ್ತೇನೆ. ಮುಲಾಮಿನ ಹೆಸರು ಮಾತ್ರ ನನ್ನನ್ನು ಕೇಳಬೇಡಿ.