ಕೋಳಿ ಮಂಕರಿಗೆ ಬೆಲೆ ಕಟ್ಟೋರು ಯಾರು?

(ವಿದ್ಯಾರ್ಥಿ ನಿಲಯದ ಗೆಳೆಯರ ಕೂಟದಲ್ಲಿ ಆಡಿದ ಮಾತು)



ಕವಿತೆ ಓದ್ತಾರೆ ಅಂತ ಬಂದವರು ಸ್ವಲ್ಪ ತಾಳಬೇಕು. ಇವತ್ತು ನಾವು ಲೆಕ್ಕ ಮಾಡೋಣ. ಬಿ.ಎ. ಓದಿದ ನಮ್ಮಂಥವರಿಗೂ ಲೆಕ್ಕಕ್ಕೂ ಆಗಿಬರೋದಿಲ್ಲ, ಆದರೂ ಮಾಡೋಣ. ಲೆಕ್ಕ ಕೋಳಿ ಮಂಕರಿಯದು. ಕೆಲವು ಕಡೆ ಪಂಜರ ಅಂತಾರೆ. ಸಂಜೆ ತಾಯಿಕೋಳಿ, ಮರಿಗಳನ್ನು ಕವುಚಿ ಹಾಕಿ ಮೇಲೊಂದು ಕಲ್ಲು ಹೇರ್ತೀವಲ್ಲ, ಆ ಬಿದಿರಿನ ದೊಡ್ಡ ಬುಟ್ಟಿ. ಅದನ್ನು ಹೆಣೆಯುವ ಮೇದರ ಮಕ್ಕಳು, ಕೊರಮ-ಕೊರಚರ ಮಕ್ಕಳು ಈ ಕೂಟದಲ್ಲೂ ಇದ್ದೀರಿ. ಸರ್ಕಾರದ ಪಟ್ಟಿಯಲ್ಲಿ ಮೇದರು ಪರಿಶಿಷ್ಟ ಪಂಗಡ, ಕೊರಮ-ಕೊರಚರು ಪರಿಶಿಷ್ಟ ಜಾತಿ. ಕೈಗೆ ಚುಚ್ಚುವ ಸಿಬಿರು ಮಾತ್ರ ಒಂದೇ.

ಸಂತೆಯಲ್ಲಿ ಇದರ ಬೆಲೆ ಹೇಗೆ ಹುಟ್ಟುತ್ತದೆ ನೋಡಿ. ಹೆಣೆದವಳು ನೆಲದ ಮೇಲೆ ಕೂತಿರ್ತಾಳೆ. ಕೊಳ್ಳುವವನು ನಿಂತಿರ್ತಾನೆ. ಮಂಕರಿಯನ್ನು ಕಾಲಿನಿಂದ ಉರುಳಿಸಿ, 'ಏನಮ್ಮಿ, ಎಷ್ಟಕ್ಕೆ ಕೊಡ್ತೀಯೆ?' ಅಂತಾನೆ. ಅವಳು ಒಂದು ಬೆಲೆ ಹೇಳ್ತಾಳೆ. ಅವನು ಅದರ ಅರ್ಧ ಹೇಳ್ತಾನೆ. ಹೊತ್ತು ಇಳಿದ ಹಾಗೆ ಅವಳ ಬಾಯಿಂದಲೇ ಬರುತ್ತದೆ, 'ನೀವೇ ನೋಡಿ ಕೊಡಿ ಸ್ವಾಮಿ.' ಅದೇ ಮನುಷ್ಯ ಪಕ್ಕದ ಕಬ್ಬಿಣದಂಗಡಿಗೆ ಹೋಗಿ ಕೋಳಿಗೂಡಿಗೆ ಜಾಲರಿ ಕೇಳ್ತಾನೆ. ಅಂಗಡಿಯವನು ಅಡಿಗೆ ಇಷ್ಟು ಅಂತಾನೆ. ಇವನು ಸುಮ್ಮನೆ ಜೇಬಿಗೆ ಕೈ ಹಾಕ್ತಾನೆ. ಜಾಲರಿಗೆ ಒಂದು ಬೆಲೆ ಉಂಟು, ಮಂಕರಿಗೆ ಮಾತ್ರ ಇವನು ಕೊಟ್ಟಷ್ಟೇ ಬೆಲೆ ಯಾಕೆ?

ಈ 'ನೋಡಿ ಕೊಡಿ' ಅನ್ನೋದು ನೆನ್ನೆ ಮೊನ್ನೆಯ ಮಾತಲ್ಲ. ಆಯದ ಕಾಲದಲ್ಲಿ ವರ್ಷವಿಡೀ ಬುಟ್ಟಿ, ಮೊರ, ತಡಿಕೆ ಒದಗಿಸಬೇಕು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಸೆರಗೊಡ್ಡಬೇಕು. ಎಷ್ಟು ಬುಟ್ಟಿಗೆ ಎಷ್ಟು ರಾಗಿ ಅಂತ ಕೇಳಿದರೆ ಅಧಿಕಪ್ರಸಂಗ. ಅದು ಕೂಲಿಯಾಗಿ ಬರ್ತಿರಲಿಲ್ಲ, ದಾನದ ವೇಷದಲ್ಲಿ ಬರ್ತಿತ್ತು. ಕೊರಚ, ಕೊರವರನ್ನಂತೂ ಬ್ರಿಟಿಷರು ಅಪರಾಧಿ ಬುಡಕಟ್ಟು ಅಂತ ಪಟ್ಟಿಗೆ ಸೇರಿಸಿ ಠಾಣೆಯಲ್ಲಿ ಹಾಜರಿ ಹಾಕಿಸಿದರು. ಆ ಕಾಯಿದೆ ಹೋದದ್ದು 1952ರಲ್ಲಿ. ಹೊತ್ತು ಮುಳುಗುವ ಮೊದಲು ಬೀಡು ಸೇರಬೇಕಾದವನು ಸಂತೆಯಲ್ಲಿ ಒಳ್ಳೆ ಬೆಲೆಗೆ ಕಾದು ಕೂರ್ತಾನಾ? ಬಂದ ಬೆಲೆಗೆ ಕೊಟ್ಟು ಎದ್ದು ಹೋಗ್ತಾನೆ. ಕಾಯಿದೆ ಹೋಯಿತು, ಆ ಬೆಲೆ ಉಳಿಯಿತು.

ಈಗ ಲೆಕ್ಕ. ನಾವು ಹೇಳುವ ಅಂಕಿಗಳು ನಿಮ್ಮೂರಿಗೆ ಸರಿಹೊಂದದೇ ಇರಬಹುದು, ನಿಮ್ಮ ಅಂಕಿ ಹಾಕಿಕೊಳ್ಳಿ. ಹತ್ತು ಮಂಕರಿ ಮಾಡ್ತೀವಿ ಅಂತ ಹಿಡಿಯೋಣ. ಒಂದು ಗಳ 120 ರೂಪಾಯಿ, ಒಂದು ಗಳಕ್ಕೆ ಎರಡು ಮಂಕರಿ. ಅಲ್ಲಿಗೆ ಐದು ಗಳ, 600 ರೂಪಾಯಿ. ಬಸ್ಸಿನ ಚಾರ್ಜು, ಲಗೇಜು, ಸಂತೆ ಸುಂಕ, ಕತ್ತಿ ಸಾಣೆ ಎಲ್ಲ ಸೇರಿ 200. ದುಡಿಮೆ? ಗಳ ಕೊಯ್ಯೋದು, ಗಿಣ್ಣು ಸವರೋದು, ಸೀಳೋದು, ದಬ್ಬೆ ಹೆರೆಯೋದು, ನೀರಲ್ಲಿ ನೆನೆಹಾಕೋದು, ಬುಡ ಹಾಕೋದು, ಹೆಣೆಯೋದು, ಬಾಯಿ ಕಟ್ಟೋದು. ಅಪ್ಪ ಸೀಳಿರ್ತಾನೆ, ಅವ್ವ ಹೆಣೆದಿರ್ತಾಳೆ. ಇಬ್ಬರದೂ ಕೂಡಿಸಿದರೆ ಒಂದು ಮಂಕರಿಗೆ ಒಂದು ಆಳಿನ ಒಂದು ದಿನ ಅನ್ನೋಣ. ಆ ದಿನಕ್ಕೆ ಎಷ್ಟು ಹಾಕೋದು? 2025-26ರಲ್ಲಿ ಉದ್ಯೋಗ ಖಾತ್ರಿಯಲ್ಲಿ ಮಣ್ಣು ಅಗೆಯುವವರಿಗೆ ಕರ್ನಾಟಕದಲ್ಲಿ ಗೊತ್ತುಮಾಡಿದ್ದ ದಿನಗೂಲಿ 370 ರೂಪಾಯಿ. ಕಸುಬಿನ ಮಾತು ಬೇಡ, ಬರೀ ಮಣ್ಣಿನ ಕೂಲಿಯೇ ಇರಲಿ. ಹತ್ತು ದಿನಕ್ಕೆ 3,700. ಒಟ್ಟು 4,500. ಹತ್ತರಲ್ಲಿ ಒಂದನ್ನು ಕುಟ್ಟೆಹುಳ ತಿನ್ನುತ್ತದೆ, ಇಲ್ಲವೇ ದಬ್ಬೆ ಮುರಿದಿರುತ್ತದೆ. ಮಾರೋಕೆ ಉಳಿದದ್ದು ಒಂಬತ್ತು. ಒಂದಕ್ಕೆ 500 ರೂಪಾಯಿ ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಸಂತೆಯವನು 200 ಕೊಟ್ಟ ಅಂತಿಟ್ಟುಕೊಳ್ಳಿ. ಒಂಬತ್ತಕ್ಕೆ 1,800. ಬಿದಿರು, ಬಸ್ಸು ಕಳೆದರೆ 1,000. ಹತ್ತು ದಿನಕ್ಕೆ ಹಂಚಿದರೆ ದಿನಕ್ಕೆ 100. ಅವ್ವನ ಪಾಲು ಅದರಲ್ಲಿ ಅರ್ಧ, ಐವತ್ತು. ಅವ್ವನ ದುಡಿಮೆಯನ್ನು 'ಮನೇಲಿ ಕೂತು ಮಾಡೋದು ತಾನೇ' ಅಂತ ಲೆಕ್ಕಕ್ಕೇ ತಗೊಳ್ಳದವರು ನಮ್ಮ ಕೇರಿಗಳಲ್ಲೇ ಇದ್ದಾರೆ, ಅದನ್ನೂ ಹೇಳಿಬಿಡಬೇಕು.

ಬಿದಿರಿನ ಕಥೆ ಬೇರೆ ಇದೆ. 1927ರ ಅರಣ್ಯ ಕಾಯಿದೆ ಬಿದಿರನ್ನು ಮರದ ಲೆಕ್ಕಕ್ಕೆ ಸೇರಿಸಿತು. ಹುಲ್ಲಿನ ಜಾತಿಯದು ಅಂತ ಸಸ್ಯಶಾಸ್ತ್ರ ಓದುವ ಹುಡುಗರಿಗೆಲ್ಲ ಗೊತ್ತು, ಕಾಯಿದೆಗೆ ಗೊತ್ತಿರಲಿಲ್ಲ! 2006ರ ಅರಣ್ಯ ಹಕ್ಕು ಕಾಯಿದೆ ಅದನ್ನು ಕಿರು ಅರಣ್ಯ ಉತ್ಪನ್ನ ಅಂದಿತು. 2017ರಲ್ಲಿ ಕಾಡಿನ ಹೊರಗೆ ಬೆಳೆದ ಬಿದಿರು ಮರದ ಪಟ್ಟಿಯಿಂದ ಬಿಡುಗಡೆಯಾಯಿತು. ಈ ನಡುವೆ ಏನಾಯಿತು? ದಾಂಡೇಲಿಯ ಕಾಗದದ ಕಾರ್ಖಾನೆಗೆ ಕಾಡಿನ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಸಿಕ್ಕಿತೆಂದು ಮಾಧವ ಗಾಡ್ಗೀಳರು ಬರೆದಿದ್ದಾರೆ. ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಅದರ ನೂರಾರು ಪಟ್ಟು ಕೊಟ್ಟು ಕೊಂಡರು. ನಾವು ಓದಿ ಪಾಸಾದ ಪುಸ್ತಕದ ಕಾಗದದಲ್ಲಿ ಮೇದರ ಕೇರಿಯ ಬಿದಿರೂ ಅರೆದು ಸೇರಿರಬಹುದು.

ಗೌರಿ ಹಬ್ಬ ಬಂದಾಗ ಇದೇ ಕೈಯ ಮೊರ ಬಾಗಿನವಾಗಿ ದೇವರ ಮುಂದೆ ಕೂರುತ್ತದೆ. ಆಗ ಪಟ್ಟಣದ ಅಂಗಡಿಯವನು ಬೆಲೆ ಏರಿಸ್ತಾನೆ, ಯಾರೂ ಕೇಳೋದಿಲ್ಲ. ಹನ್ನೆರಡನೆಯ ಶತಮಾನದ ಮೇದಾರ ಕೇತಯ್ಯನವರ ಪಟಕ್ಕೆ ಹಾರ ಹಾಕೋ ದೊಡ್ಡ ಮನುಷ್ಯರೂ ಮಾರನೇ ದಿನ ಸಂತೆಯಲ್ಲಿ ಮಂಕರಿಗೆ ಹತ್ತು ರೂಪಾಯಿ ಜಗ್ಗಾಡ್ತಾರೆ.

'ಐನೂರು ಹೇಳಿದರೆ ಯಾರು ಕೊಳ್ತಾರೆ? ಪ್ಲಾಸ್ಟಿಕ್ ಕ್ರೇಟು ತಗೋತಾರೆ' ಅಂತ ನೀವು ಕೇಳಬಹುದು. ನಿಜ, ಕೆಲವರು ಹೋಗ್ತಾರೆ. ಎಲ್ಲರೂ ಹೋಗೋದಿಲ್ಲ. ಮರಿಗೆ ಗಾಳಿ ಬೇಕು, ಬೆಕ್ಕಿನ ಪಂಜ ಒಳಗೆ ಹೋಗಬಾರದು, ಎತ್ತಿ ಅಂಗಳದಲ್ಲಿ ಎಲ್ಲಿ ಬೇಕಾದರೂ ಕವುಚಬೇಕು. ಇದನ್ನು ಬಲ್ಲವರು ಮಂಕರಿಗೇ ಬರ್ತಾರೆ. ನಾಟಿ ಹುಂಜಕ್ಕೆ ಕೇಳಿದ ದುಡ್ಡು ಎಣಿಸಿ ಕೊಡುವವನು, ಅದನ್ನು ವರ್ಷಗಟ್ಟಲೆ ಕಾಯುವ ಮಂಕರಿಗೂ ಕೊಡಬಲ್ಲ. ಒಂದೇ ಏಟಿಗೆ ಐನೂರು ಆಗದೇ ಇರಬಹುದು. ಆದರೆ ಕೇರಿಯವರೆಲ್ಲ ಸೇರಿ, ಇದಕ್ಕಿಂತ ಕೆಳಗೆ ನಾವ್ಯಾರೂ ಇಳಿಯೋದಿಲ್ಲ ಅಂತ ಒಂದು ಗೆರೆ ಎಳೆದುಕೊಳ್ಳೋದು ಆಗದ ಮಾತೇ? ಈಗ ಒಬ್ಬಳು 250 ಅಂದರೆ ಪಕ್ಕದವಳು 180 ಅಂತಾಳೆ. ಅವಳನ್ನು ಬೈದು ಪ್ರಯೋಜನವಿಲ್ಲ, ಅವಳ ಮನೆಯಲ್ಲಿ ಅವತ್ತು ಅಕ್ಕಿ ಇರೋದಿಲ್ಲ. ಹಾಗಾಗಿ ಸಂತೆ ಕೆಟ್ಟ ದಿನ ಸಾಲ ಕೊಡುವ ಸಣ್ಣದೊಂದು ನಿಧಿ ಕೇರಿಯಲ್ಲೇ ಇರಬೇಕು. ನಿಧಿಯಿಲ್ಲದೆ ಗೆರೆ ನಿಲ್ಲೋದಿಲ್ಲ.

ಜಾತಿಯು ದುಡಿಯುವವರನ್ನೇ ಮೇಲು ಕೀಳೆಂದು ಒಡೆದಿಟ್ಟಿದೆ ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ನಾವು ಹಾಸ್ಟೆಲಿನಲ್ಲಿ ಅದನ್ನು ಓದ್ತೀವಿ, ಭಾಷಣವನ್ನೂ ಮಾಡ್ತೀವಿ. ರಜಕ್ಕೆ ಊರಿಗೆ ಹೋದಾಗ ಮಂಕರಿ ಹೊತ್ತ ಅವ್ವನಿಂದ ಹತ್ತು ಮಾರು ಹಿಂದೆ ನಡೀತೀವಿ, ಜೊತೆಯಲ್ಲಿ ಓದುವವರು ನೋಡಿಬಿಟ್ಟಾರು ಅಂತ.

ಈ ರಜದಲ್ಲಿ ಒಂದು ನೋಟ್‌ಬುಕ್ಕು ತಗೊಂಡು ಹೋಗೋಣ. ಗಳ ತಂದ ದಿನದಿಂದ ಮಾರಿದ ದಿನದವರೆಗೆ ಬರೆಯೋಣ. ಯಾರು ಎಷ್ಟು ಹೊತ್ತು ಕೂತರು, ಎಷ್ಟು ದಬ್ಬೆ ಕೆಟ್ಟಿತು, ಸಂತೆಯಲ್ಲಿ ಮೊದಲು ಹೇಳಿದ್ದೆಷ್ಟು, ಕೊನೆಗೆ ಕೈಗೆ ಬಂದದ್ದೆಷ್ಟು. ಅವ್ವನ ಹೊತ್ತನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಕಸಬರಿಗೆ, ಚಪ್ಪಲಿ, ಮಡಕೆ ಮಾಡುವ ಮನೆಯವರು ನಿಮ್ಮ ನಿಮ್ಮ ಲೆಕ್ಕ ತನ್ನಿ. ಮುಂದಿನ ಕೂಟದಲ್ಲಿ ನಾವು ಮಾತಾಡೋದು ಕಡಿಮೆ ಮಾಡ್ತೀವಿ. ಒಬ್ಬೊಬ್ಬರೂ ಎದ್ದು ನಿಂತು ಆ ಪುಟಗಳನ್ನು ಓದಿ.