ನಮ್ಮ ವರ್ಷದ ಹಬ್ಬಗಳೂ ನಮ್ಮ ಮಕ್ಕಳ ಕನ್ನಡವೂ



ನಮ್ಮ ಮೊಗ್ರಾಲಿನಲ್ಲಿ ವರ್ಷವು ಎಂದು ಆರಂಭವಾಗುತ್ತದೆಂದು ಯಾರಾದರೂ ಕೇಳಿದರೆ ಒಂದೇ ಉತ್ತರವನ್ನು ಕೊಡಲಾರೆವು. ತುಳುವರಿಗೆ ಬಿಸುವಿನಂದು, ಪಗ್ಗು ತಿಂಗಳೊಡನೆ ಹೊಸ ವರ್ಷ. ಮಲಯಾಳದ ಕೊಲ್ಲವರ್ಷವು ಚಿಂಙ ಮಾಸದಲ್ಲಿ ತೊಡಗುತ್ತದೆ. ಕೊಂಕಣಿಗರಿಗೆ ಚಾಂದ್ರಮಾನ ಯುಗಾದಿ. ಮುಸಲ್ಮಾನ ಬಂಧುಗಳ ವರ್ಷವಾದರೋ ಪ್ರತಿಸಲವೂ ಸುಮಾರು 11 ದಿನ ಹಿಂದೆ ಸರಿಯುತ್ತ ಮಳೆ, ಚಳಿ, ಬೇಸಗೆಗಳನ್ನೆಲ್ಲ ಸುತ್ತಿ ಬರುತ್ತದೆ. ಇನ್ನು ಮಕ್ಕಳನ್ನು ಕೇಳಿದರೆ ಜೂನ್ ಒಂದು ಎಂದಾರು, ಅವರದೂ ತಪ್ಪಲ್ಲ.

ಇಷ್ಟು ಪಂಚಾಂಗಗಳ ನಡುವೆ ಬಾಳುವ ನಮಗೆ ಹಬ್ಬಗಳಿಗೆ ಕೊರತೆಯಿಲ್ಲ. ಮೇ ಕೊನೆಗೆ, ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆ ಬರುತ್ತದೆ. ಅಂದಿಗೆ ಕೋಲ, ಜಾತ್ರೆ, ಬಯಲಾಟಗಳಿಗೆ ಮಂಗಳ. ಗೆಜ್ಜೆ ಬಿಚ್ಚುವ ದಿನವದು. ಮುಂದೆ ಮಳೆ. ಜೂನ್ 9ರ ನಡುರಾತ್ರಿಯಿಂದ ಜುಲೈ ಅಂತ್ಯದವರೆಗೆ, 52 ದಿನ, ಯಾಂತ್ರಿಕ ಬಲೆದೋಣಿಗಳೂ ಕಡಲಿಗಿಳಿಯುವಂತಿಲ್ಲ. ಆಟಿ ಎಂದರೆ ಹಿಂದಿನವರಿಗೆ ಬಡತನದ ತಿಂಗಳು. ತೆಂಗಿನ ಎಳೆಗರಿಯನ್ನುಟ್ಟು ತಾಳೆಗರಿಯ ಕೊಡೆ ಹಿಡಿದು ಬರುವ ಆಟಿ ಕಳಂಜ ಊರಿನ ಮಾರಿಯನ್ನು ಕಳೆದು, ಅಕ್ಕಿ, ಉಪ್ಪು, ಅರಸಿನ, ಮಸಿಗಳನ್ನು ಪಡೆದು ಹೋಗುತ್ತಿದ್ದನು. ಇದೇ ತಿಂಗಳಲ್ಲಿ ನಮ್ಮ ಜಿಲ್ಲೆಯ ತೆಂಕಣ ಊರುಗಳ ಮನೆಗಳಿಗೆ ಆಡಿವೇಡನ್ ಬರುತ್ತಾನೆ. ಗಳಿಂಜನ್ ಎಂಬವನೂ ಉಂಟು. ಕಳಂಜನಿಗೂ ಗಳಿಂಜನಿಗೂ ನಡುವೆ ಯಾರು ಗಡಿಯ ಗೆರೆ ಎಳೆಯಬಲ್ಲರು? 1956ರ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಹಿರಿಯರ ನೋವು ನಮಗೆ ಗೊತ್ತಿಲ್ಲದ್ದಲ್ಲ. ಆದರೆ ಮಳೆಯ ಹಸಿವಿಗೆ ಆ ದಿನಾಂಕದ ಅರಿವಿಲ್ಲ.

ತುಲಾ ಸಂಕ್ರಮಣದಂದು ಮುಜುಂಗಾವಿನ ಕೆರೆಯಲ್ಲಿ ತೀರ್ಥಸ್ನಾನ. ಅಕ್ಕಿ, ಹುರುಳಿಗಳನ್ನು ಕೆರೆಗೆ ಅರ್ಪಿಸಿ ಮುಳುಗಿದರೆ ಚರ್ಮದ ವ್ಯಾಧಿ ಹೋಗುವುದೆಂಬ ನಂಬಿಕೆಯಿಂದ ನಸುಕಿನಲ್ಲೇ ಜನ ಕೂಡುತ್ತದೆ. ದೀಪಾವಳಿಗೆ ಬಲೀಂದ್ರನನ್ನು ಕರೆಯುವ ಕೂಗು. ಫೆಬ್ರವರಿಯಲ್ಲಿ ಕೆಡ್ಡಸ; ಭೂಮಿತಾಯಿ ಮುಟ್ಟಾದಳೆಂದು ಮೂರು ದಿನ ನೆಲ ಅಗೆಯದ ಆ ಸಂಪ್ರದಾಯಕ್ಕಿಂತ ಸೂಕ್ಷ್ಮವಾದ ಕೃಷಿಭಾವನೆಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಇನ್ನು ಜನವರಿ ನಡುವಿನ ಕುಂಬಳೆ ಬೆಡಿಯ ವಿಚಾರ ನಿಮಗೆ ಹೇಳಬೇಕಾಗಿಲ್ಲ. ಗೋಪಾಲಕೃಷ್ಣ ದೇವರ ಉತ್ಸವದ ಆ ಬೆಡಿಯ ಸದ್ದು ಇಲ್ಲಿಯ ಪ್ರತಿ ಮನೆಯ ಅಂಗಳಕ್ಕೂ ಬರುತ್ತದೆ. ಆಮಂತ್ರಣವಿಲ್ಲದೆ ಎಲ್ಲರನ್ನೂ ಮುಟ್ಟುವ ಹಬ್ಬ ಅದೊಂದೇ ಇರಬೇಕು!

ನಮ್ಮ ಸೀಮೆಯ ಹೆಚ್ಚಿನ ಹಬ್ಬಗಳಾದರೋ ಆಮಂತ್ರಿಸಿಯೇ ಕರೆಯುವಂಥವು. ಮಂಜೇಶ್ವರದ ಉದ್ಯಾವರ ಅರಸು ಮಂಜಿಷ್ಣಾರ್ ಕ್ಷೇತ್ರದ ಉತ್ಸವಕ್ಕೆ ಮುಂಚೆ ದೈವದ ಪಾತ್ರಿಗಳು ಶುಕ್ರವಾರದಂದು ಮಸೀದಿಗೆ ಹೋಗಿ ಜಮಾತಿನವರನ್ನು ಕರೆದು ಬರುವ ಪದ್ಧತಿಯುಂಟು. ಕುಂಬಳೆಯಾಚೆಯ ಆರಿಕ್ಕಾಡಿಯಲ್ಲಿ ಆಲಿ ಎಂಬ ಮುಸಲ್ಮಾನನೇ ದೈವವಾಗಿ ನಿಂತು ಪ್ರಸಾದ ಕೊಡುತ್ತಾನೆ. ಮಾಪಿಳ್ಳೆ ಹಾಡುಗಳಿಗೂ ಕಾಲ್ಚೆಂಡಿನಾಟಕ್ಕೂ ಹೆಸರಾದ ನಮ್ಮ ಮೊಗ್ರಾಲಿನಲ್ಲಿ ಇದು ಯಾರಿಗೂ ಸೋಜಿಗವೆನಿಸದು.

ಈಗ ನಾವು ಹೇಳಬೇಕಾದ ಮುಖ್ಯ ಮಾತು. ಈ ಹಬ್ಬಗಳಲ್ಲಿ ಕನ್ನಡದ ಸ್ಥಾನವೆಲ್ಲಿ? ಕೋಲದ ಪಾಡ್ದನ ತುಳುವಿನಲ್ಲಿ, ಮಂತ್ರ ಸಂಸ್ಕೃತದಲ್ಲಿ, ಮಾಪಿಳ್ಳೆ ಹಾಡು ಅರಬಿ ಮಲಯಾಳದಲ್ಲಿ. ನಮ್ಮಲ್ಲಿ ಅನೇಕರ ಮನೆಮಾತು ಕನ್ನಡವಲ್ಲ. ಆದರೂ ಇಲ್ಲಿ ಕನ್ನಡ ಉಳಿದುದು ಎರಡು ವಿದ್ಯಾಲಯಗಳಿಂದ: ಒಂದು ಊರ ಶಾಲೆ, ಇನ್ನೊಂದು ಯಕ್ಷಗಾನದ ರಂಗಸ್ಥಳ. ಅಕ್ಷರವರಿಯದವರೂ ಪಾರ್ತಿಸುಬ್ಬನ ಪ್ರಸಂಗಗಳನ್ನು ಕೇಳಿ ಕೇಳಿ ಹಳೆಯ ಕನ್ನಡದ ಪದಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥವನ್ನು ಕೇಳಲು ಕುಳಿತವರಲ್ಲಿ ತುಳುವರೂ ಮಲಯಾಳಿಗಳೂ ಇದ್ದರು. ಅವರ ಬಪ್ಪ ಬ್ಯಾರಿಯ ಪಾತ್ರವನ್ನು ಬ್ಯಾರಿಗಳೂ ಮೆಚ್ಚಿದರು.

ಮೊದಲನೆಯ ವಿದ್ಯಾಲಯದ ಸ್ಥಿತಿಯನ್ನು ನೀವು ಬಲ್ಲಿರಿ. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದುದು ಅದೇ 1956ರಲ್ಲಿ. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ನಾವು ಬೀದಿಗಿಳಿದೆವು, ಇಳಿಯಬೇಕಾದುದೇ. ಮಲಯಾಳ ಕಲಿಯಲು ನಮಗೆ ಅಡ್ಡಿಯಿಲ್ಲ, ಕಲಿಯದೆ ಇಲ್ಲಿ ಬದುಕೂ ಇಲ್ಲ. ಆದರೆ ಸರಕಾರದೊಡನೆ ವಾದಿಸುವ ನಾವೇ ನಮ್ಮ ಮನೆಯ ಗೃಹಪ್ರವೇಶದ ಕಾಗದವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರೆ, ಆ ವಾದಕ್ಕೆ ಬಲವೆಲ್ಲಿಯದು? ಮಧೂರಿನಲ್ಲಿ ಮಹಾಗಣಪತಿಯನ್ನು ಅಪ್ಪದಿಂದ ಮುಚ್ಚುವ ಮೂಡಪ್ಪ ಸೇವೆ 1992ರ ಬಳಿಕ 2025ರಲ್ಲಿ ಮತ್ತೆ ನಡೆಯಿತು. ನಡುವೆ 33 ವರ್ಷ. ಅಂದು ತಾಯಿಯ ಸೊಂಟದಲ್ಲಿ ಕುಳಿತು ನೋಡಿದ ಮಗು ಇಂದು ತನ್ನ ಮಗುವನ್ನು ಕರೆತಂದಿತು. ಮುಂದಿನ ಸಲ ಆ ಕಿರಿಯವನು ಅಲ್ಲಿಯ ಕನ್ನಡದ ಫಲಕವನ್ನು ಓದಬಲ್ಲನೇ ಎಂಬುದೇ ನಮ್ಮ ಚಿಂತೆ.

ಒಂದು ಅನುಕೂಲವನ್ನು ನಾವು ಇದುವರೆಗೆ ಸರಿಯಾಗಿ ಬಳಸಿಕೊಂಡಿಲ್ಲ. ಏಪ್ರಿಲ್, ಮೇ ತಿಂಗಳು ಶಾಲೆಗೆ ರಜೆ. ಬಿಸುವಿನಿಂದ ಪತ್ತನಾಜೆಯವರೆಗಿನ ಆಟಗಳ ಹಂಗಾಮೂ ಅದೇ. ಮಕ್ಕಳನ್ನು ಆಟಕ್ಕೆ ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ಕಾಲ ಯಾವುದು? ಇಡೀ ರಾತ್ರಿ ಬೇಡ, ಒಂದು ಪ್ರಸಂಗ ಸಾಕು. ಹೋಗುವ ಮೊದಲು ಮನೆಯಲ್ಲಿ ಅದರ ಕಥೆಯನ್ನು ಅಜ್ಜಿಯ ಬಾಯಿಂದ ಹೇಳಿಸಿರಿ. ಮಳೆ ಹಿಡಿದ ಮೇಲೆ ಜಗಲಿಯಲ್ಲಿ ತಾಳಮದ್ದಳೆ ಕೂಡಿಸಬಹುದು. ಅದಕ್ಕೆ ವೇಷ ಬೇಡ, ವೇದಿಕೆ ಬೇಡ, ಮಾತು ಬಲ್ಲವರು ನಾಲ್ವರಿದ್ದರೆ ಸಾಕು.

ಇನ್ನೊಂದು ಕೋರಿಕೆ. ನಿಮ್ಮ ಮನೆಯ ಪೆಟ್ಟಿಗೆಗಳಲ್ಲಿ ಹಳೆಯ ಜಾತ್ರೆಯ, ಆಟದ, ಭಜನೆಯ ಕನ್ನಡ ಕರಪತ್ರಗಳಿದ್ದರೆ ಗೆದ್ದಲಿಗೆ ಕೊಡದೆ ಸಂಘಕ್ಕೆ ತಂದುಕೊಡಿರಿ. ಪ್ರತಿ ತೆಗೆಸಿಕೊಂಡು ಮೂಲವನ್ನು ನಿಮಗೇ ಹಿಂದಿರುಗಿಸುತ್ತೇವೆ. ಮಸೀದಿಯ ಉರೂಸಿನ ಹಳೆಯ ಕನ್ನಡ ಕರಪತ್ರ ಯಾರಲ್ಲಾದರೂ ಇದ್ದರೆ ಅದನ್ನು ಮೊದಲು ತನ್ನಿರಿ.